ಕಲಾಯಿ ಕುಳಿಯಿಂದ ಸೋಲ್ಡರ್ ಪಾಟ್‌ವರೆಗೆ

‘ಭಾಂಡೆ ಕಲಾಯ್!’ ಎಂಬ ಕೂಗು ಕಲಬುರಗಿಯ ಓಣಿಗಳಲ್ಲಿ ಕೇಳಿಬರುತ್ತಿದ್ದ ಕಾಲ ತೀರ ಹಳೆಯದೇನಲ್ಲ. ಸೈಕಲ್ಲಿಗೆ ತಿದಿ, ಇದ್ದಿಲ ಚೀಲ, ಇಕ್ಕಳ ಕಟ್ಟಿಕೊಂಡು ಬಂದ ಕಲಾಯಿಗಾರ ಬೇವಿನ ಮರದ ನೆರಳಲ್ಲಿ ಗೇಣುದ್ದದ ಕುಳಿ ತೋಡಿ ಕೂತನೆಂದರೆ ಸುತ್ತಲಿನ ಮನೆಗಳಿಂದ ಹಂಡೆ, ಕೊಡ, ಪರಾತ, ಬೋಗುಣಿಗಳ ಮೆರವಣಿಗೆಯೇ ಹೊರಡುತ್ತಿತ್ತು. ಹುಮನಾಬಾದ್ ದಾರಿಯ ಕಮಲಾಪುರದಂಥ ಊರುಗಳಲ್ಲಂತೂ ಹಬ್ಬ, ಮದುವೆ, ಜಾತ್ರೆಗಳ ಮುಂಚೆ ಅವನಿಗೆ ಬಿಡುವಿರುತ್ತಿರಲಿಲ್ಲ. ಕಾದ ಪಾತ್ರೆಯೊಳಗೆ ಬಿಳಿ ಪುಡಿ ಉದುರಿಸಿ, ತವರದ ಕಡ್ಡಿ ಸೋಕಿಸಿ, ಹತ್ತಿಯಿಂದ ಒರೆಸಿದರೆ ಕಪ್ಪಿಟ್ಟ ತಾಮ್ರ ಕ್ಷಣದಲ್ಲಿ ಬೆಳ್ಳಿಯಂತಾಗುತ್ತಿತ್ತು. ನೀರಿಗದ್ದಿದಾಗ ‘ಚುಂಯ್’ ಎನ್ನುವ ಸದ್ದು ಕೇಳಲೆಂದೇ ಮಕ್ಕಳು ಸುತ್ತ ನಿಂತಿರುತ್ತಿದ್ದರು.

ಆ ಕುಳಿಗಳು ಇಂದು ಬಹುಮಟ್ಟಿಗೆ ಮುಚ್ಚಿಹೋಗಿವೆ. ಆದರೆ ಕರಗಿದ ತವರ ಊರು ಬಿಟ್ಟು ಹೋಗಿಲ್ಲ. ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ, ಲಾರಿಗಳ ರೇಡಿಯೇಟರ್ ದುರಸ್ತಿಯ ಶೆಡ್ಡು, ಎಲೆಕ್ಟ್ರಾನಿಕ್ ಉಪಕರಣಗಳ ಕಾರ್ಖಾನೆ – ಎಲ್ಲೆಲ್ಲಿ ತಾಮ್ರಕ್ಕೆ ತಾಮ್ರ ಬೆಸೆಯಬೇಕೋ ಅಲ್ಲೆಲ್ಲ ತವರ ಬೇಕು. ಕೆಲಸ ದೊಡ್ಡದಾದ ಕಡೆ ಅದನ್ನು ಕರಗಿಸಿ ಇಡುವ ಕಬ್ಬಿಣದ ಪಾತ್ರೆಗೆ ‘ಸೋಲ್ಡರ್ ಪಾಟ್’ ಎಂದು ಹೆಸರು. ಅಂಗೈಯಗಲದ ಚಿಕ್ಕ ಪಾಟ್‌ನಿಂದ ಹಿಡಿದು ನೂರಾರು ಕಿಲೋ ಲೋಹ ಹಿಡಿಯುವ ದೊಡ್ಡ ತೊಟ್ಟಿಯವರೆಗೆ ಇದರ ಅಳತೆ ಬೆಳೆಯುತ್ತದೆ.

ಕಾರ್ಖಾನೆಯ ಗೋಡೆಯ ಮೇಲೆ ಈ ಪಾಟ್ ಬಗ್ಗೆ ತೂಗುಹಾಕಿದ ಎಚ್ಚರಿಕೆಯ ಪಟ್ಟಿಯನ್ನು ಓದಿದರೆ ಅದು ಹೊಸ ಕಾಲದ ಸರಕೆನ್ನಿಸಬಹುದು. ವಾಸ್ತವವಾಗಿ ಅದರಲ್ಲಿ ಹೆಸರಿಸಿರುವ ಅಪಾಯಗಳು ಮುಖ್ಯವಾಗಿ ಮೂರು: ನೀರು, ಹೊಗೆ ಮತ್ತು ಸೀಸ. ಮೊದಲ ಎರಡನ್ನು ಕುಳಿಯ ಮುಂದೆ ಕೂತ ಕಲಾಯಿಗಾರ ಚೆನ್ನಾಗಿಯೇ ಬಲ್ಲ. ಮೂರನೆಯದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಾಗುವುದಿಲ್ಲ. ಅದನ್ನು ಗುರುತಿಸಿ ಕಾನೂನಿಗೆ ತರಲು ಜಗತ್ತಿಗೆ ಎರಡು ಸಾವಿರ ವರ್ಷ ಬೇಕಾಯಿತು.

ಪುಂಡಿಪಲ್ಯ ಮತ್ತು ಕಿಲುಬು

ತಾಮ್ರದ ಪಾತ್ರೆ ಬೇಗ ಕಾಯುತ್ತದೆ, ಎಲ್ಲ ಕಡೆಗೂ ಸಮವಾಗಿ ಕಾಯುತ್ತದೆ. ನೂರಾರು ಜನರ ಅಡುಗೆಗೆ ಅದಕ್ಕೆ ಸಾಟಿಯಿಲ್ಲ. ಆದರೆ ಹುಳಿ ಸೋಕಿದರೆ ತಾಮ್ರ ಕರಗುತ್ತದೆ. ಪುಂಡಿಪಲ್ಯ, ಹುಣಸೆ ಸಾರು, ಮಜ್ಜಿಗೆ – ಈ ಸೀಮೆಯ ಊಟದಲ್ಲಿ ಹುಳಿ ಇಲ್ಲದ ದಿನವೇ ಕಡಿಮೆ. ಕಲಾಯಿ ಹೋದ ಪಾತ್ರೆಯಲ್ಲಿ ಇಂಥ ಪದಾರ್ಥ ರಾತ್ರಿಯಿಡೀ ಉಳಿದರೆ ಅಂಚಿಗೆ ಹಸಿರು ಕಟ್ಟುತ್ತದೆ. ಅದೇ ಕಿಲುಬು. ಅದು ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು ತಪ್ಪಿದ್ದಲ್ಲ.

ತವರಕ್ಕೆ ಅಡುಗೆಮನೆಯ ಹುಳಿ ಅಷ್ಟಾಗಿ ನಾಟುವುದಿಲ್ಲ. ಅದು ಕರಗುವುದು ಸುಮಾರು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಾಮ್ರ ಕರಗಲು 1085 ಡಿಗ್ರಿ ಬೇಕು. ಹೀಗಾಗಿ ಪಾತ್ರೆಗೆ ಧಕ್ಕೆಯಾಗದಂತೆ ಅದರ ಮೈಮೇಲೆ ತವರವನ್ನು ಕರಗಿಸಿ ಹರಡಬಹುದು. ತವರ ಕೇವಲ ಬಣ್ಣದಂತೆ ಮೇಲೆ ಕೂರುವುದಿಲ್ಲ. ತಾಮ್ರದೊಡನೆ ಕೂಡಿ ಎರಡರ ನಡುವೆ ತೆಳುವಾದ ಮಿಶ್ರಲೋಹದ ಪದರವನ್ನು ಕಟ್ಟುತ್ತದೆ. ಕಲಾಯಿ ಅಂಟಿಕೊಳ್ಳುವುದು ಈ ಪದರದಿಂದಲೇ. ಬೆಸುಗೆ ಗಟ್ಟಿಯಾಗುವುದೂ ಇದರಿಂದಲೇ. ಅಂದರೆ ಕಲಾಯಿ ಮತ್ತು ಸೋಲ್ಡರಿಂಗ್ ಒಂದೇ ವಿದ್ಯೆಯ ಎರಡು ಕೊಂಬೆಗಳು.

ಈ ಕೂಡಿಕೆಗೆ ಒಂದು ಷರತ್ತಿದೆ. ಲೋಹದ ಮೈ ಶುದ್ಧವಾಗಿರಬೇಕು. ಕಾದ ತಾಮ್ರ ಗಾಳಿ ಸೋಕಿದೊಡನೆ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ತವರ ನಿಲ್ಲದೆ ಹನಿಹನಿಯಾಗಿ ಜಾರುತ್ತದೆ. ಅದಕ್ಕೆಂದೇ ಕಲಾಯಿಗಾರ ನವಸಾಗರದ ಪುಡಿ ಉದುರಿಸುತ್ತಾನೆ. ರಸಾಯನಶಾಸ್ತ್ರದಲ್ಲಿ ಇದು ಅಮೋನಿಯಂ ಕ್ಲೋರೈಡ್. ಕಾದಾಗ ಇದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳಾಗಿ ಒಡೆಯುತ್ತದೆ. ಎರಡನೆಯದು ಕಪ್ಪನ್ನು ತಿಂದು ಹಾಕಿ ತಾಮ್ರದ ಕೆಂಪು ಮೈಯನ್ನು ಹೊರತೆಗೆಯುತ್ತದೆ. ಆಗ ಏಳುವ ಬಿಳಿ ಹೊಗೆ ಕಣ್ಣು ಉರಿಸುತ್ತದೆ, ಕೆಮ್ಮು ತರಿಸುತ್ತದೆ. ಕಲಾಯಿಗಾರ ಯಾವಾಗಲೂ ಬಯಲಲ್ಲಿ, ಗಾಳಿಯ ದಿಕ್ಕು ನೋಡಿ ಕೂರುತ್ತಿದ್ದುದು ಇದೇ ಕಾರಣಕ್ಕೆ. ಇಂದು ಕಾರ್ಖಾನೆಯಲ್ಲಿ ‘ಫ್ಲಕ್ಸ್’ ಎನ್ನುವುದು ನವಸಾಗರದ ಕೆಲಸವನ್ನೇ ಮಾಡುತ್ತದೆ. ಬೇವಿನ ಮರದಡಿಯ ಗಾಳಿಯ ಜಾಗಕ್ಕೆ ಹೊಗೆ ಎಳೆಯುವ ಫ್ಯಾನು ಬಂದಿದೆ.

ಹೆಸರು ಬಂದ ದಾರಿ

ತವರಕ್ಕೆ ಅರಬ್ಬಿಯಲ್ಲಿ ‘ಕಲಈ’ ಎಂಬ ಹೆಸರಿದೆ. ಮಲಯ ಪರ್ಯಾಯ ದ್ವೀಪದ ‘ಕಲಾ’ ಎಂಬ ಬಂದರಿನಿಂದ ಬರುತ್ತಿದ್ದ ಲೋಹವಾದ್ದರಿಂದ ಈ ಹೆಸರು ಬಂತೆಂದು ವಿದ್ವಾಂಸರ ಅಭಿಪ್ರಾಯ. ಕಡಲು ದಾಟಿ ಬಂದ ಆ ಪದವೇ ಕನ್ನಡದ, ಮರಾಠಿಯ, ಉರ್ದುವಿನ ಕಲಾಯಿ. ಭಾರತದಲ್ಲಿ ತವರದ ಅದಿರು ಕಡಿಮೆ. ಛತ್ತೀಸ್‌ಗಢದ ಬಸ್ತರ್ ಸೀಮೆಯಲ್ಲಿ ಒಂದಿಷ್ಟು ಸಿಗುತ್ತದೆ. ಉಳಿದದ್ದಕ್ಕೆ ಹಿಂದಿನಂತೆ ಇಂದೂ ಹೊರದೇಶಗಳನ್ನೇ ನೆಚ್ಚಬೇಕು. ಅದಕ್ಕೇ ಅದು ಎಂದೂ ಅಗ್ಗದ ಲೋಹವಾಗಿರಲಿಲ್ಲ.

ಪಾತ್ರೆಗೆ ತವರ ಹಚ್ಚುವ ವಿದ್ಯೆ ಬಲು ಹಳೆಯದು. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮ್‌ನ ಪ್ಲಿನಿ ತನ್ನ ಬೃಹತ್ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ತವರ ಹಚ್ಚಿದರೆ ತಾಮ್ರದ ಪಾತ್ರೆಯಲ್ಲಿನ ರುಚಿ ಕೆಡದು, ಕಿಲುಬಿನ ವಿಷ ತಟ್ಟದು ಎಂಬುದು ಅವನ ಮಾತಿನ ಸಾರ.

ದಖನಿನಲ್ಲಿ ಈ ಕಸುಬಿಗೆ ದೊಡ್ಡ ಆಶ್ರಯ ಸಿಕ್ಕಿತು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಗುಲ್ಬರ್ಗ ಅದರ ರಾಜಧಾನಿಯಾಯಿತು. ಅರಮನೆ, ದಂಡು, ದರ್ಗಾ, ಮಠಗಳು ಇದ್ದ ಊರಿನಲ್ಲಿ ದಿನವೂ ಸಾವಿರಾರು ಜನರ ಅಡುಗೆ ಬೇಯಬೇಕು. ದೊಡ್ಡ ದೇಗುಗಳು ತಾಮ್ರದವು, ಅವಕ್ಕೆ ಕಲಾಯಿ ಕಡ್ಡಾಯ. ಹದಿನಾರು, ಹದಿನೇಳನೆಯ ಶತಮಾನಗಳ ದಖನಿ ತಟ್ಟೆ ಬಟ್ಟಲುಗಳು ಇಂದು ವಸ್ತು ಸಂಗ್ರಹಾಲಯಗಳಲ್ಲಿವೆ. ತಾಮ್ರದ ಮೇಲೆ ತವರ ಹಚ್ಚಿ, ಕೊರೆದ ಗೆರೆಗಳಿಂದ ಅಲಂಕರಿಸಿದ ಈ ಪಾತ್ರೆಗಳು ದೂರಕ್ಕೆ ಬೆಳ್ಳಿಯವೆಂದೇ ತೋರುತ್ತವೆ.

1420ರ ದಶಕದಲ್ಲಿ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ಇಂದಿಗೂ ಕಲಬುರಗಿಯಿಂದ ಬೀದರಿಗೆ ಹೋಗುವವರು ಕಮಲಾಪುರ, ಹುಮನಾಬಾದ್ ಹಾಯ್ದೇ ಹೋಗಬೇಕು. ದಾರಿಯ ಆ ತುದಿಯಲ್ಲಿ ಇನ್ನೊಂದು ಲೋಹದ ಕಸುಬು ಹೆಸರು ಮಾಡಿತು. ಅದು ಬಿದರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಕೆತ್ತನೆ ಕೂರಿಸಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದರೆ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಕಲಾಯಿಗೆ ತಾಮ್ರದ ಕಪ್ಪು ಕಳೆಯುವ ನವಸಾಗರವೇ ಬಿದರಿಗೆ ಕಪ್ಪು ಕೊಡುವ ಪಾಕದಲ್ಲೂ ಇರುವುದು ಸ್ವಾರಸ್ಯದ ಸಂಗತಿ.

ಸೀಸದ ಬೆರಕೆ

ದುಬಾರಿ ಲೋಹ ಇದ್ದಲ್ಲಿ ಕಲಬೆರಕೆ ಇರುತ್ತದೆ. ತವರದಂತೆಯೇ ಬೆಳ್ಳಗೆ ಕಾಣುವ, ಅದಕ್ಕಿಂತ ಎಷ್ಟೋ ಪಟ್ಟು ಅಗ್ಗವಾದ ಲೋಹ ಸೀಸ. ಎರಡೂ ಸಲೀಸಾಗಿ ಬೆರೆಯುತ್ತವೆ. ಪ್ಲಿನಿಯ ಕಾಲದಲ್ಲೇ ವರ್ತಕರು ತವರಕ್ಕೆ ಸೀಸ ಬೆರೆಸಿ ಮೋಸ ಮಾಡುತ್ತಿದ್ದ ದಾಖಲೆ ಅವನ ಗ್ರಂಥದಲ್ಲಿದೆ. ಎರಡು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿ ನೀರಿನ ಕೊಳವೆಗಳಿಗೆ ಬೆಸುಗೆ ಹಾಕುತ್ತಿದ್ದರೆಂಬುದನ್ನೂ ಅವನು ಬರೆದಿದ್ದಾನೆ. ಸೋಲ್ಡರ್‌ನ ಹುಟ್ಟುಕಥೆ ಇಲ್ಲಿದೆ. ಬೆಸುಗೆಗೆ ಸೀಸ ಬೆರೆಸುವುದು ಮೋಸವಲ್ಲ, ಅದು ಕಸುಬಿನ ಅಗತ್ಯ. ಅಡುಗೆಯ ಪಾತ್ರೆಗೆ ಅದೇ ಬೆರಕೆಯನ್ನು ಹಚ್ಚಿದರೆ ಮಾತ್ರ ವಿಷ.

ಬೆಸುಗೆಗೆ ಸೀಸ ಏಕೆ ಬೇಕಾಯಿತು? ತವರ 232 ಡಿಗ್ರಿಗೆ ಕರಗಿದರೆ ಸೀಸ ಕರಗುವುದು 327 ಡಿಗ್ರಿಗೆ. ಆದರೆ ಸುಮಾರು 63 ಪಾಲು ತವರ, 37 ಪಾಲು ಸೀಸ ಬೆರೆತರೆ ಆ ಮಿಶ್ರಣ ಬರೀ 183 ಡಿಗ್ರಿಗೇ ನೀರಾಗುತ್ತದೆ. ಖರ್ಚು ಕಡಿಮೆ, ಕಾವು ಕಡಿಮೆ, ಹರಿಯುವ ಗುಣ ಉತ್ತಮ. ಇಪ್ಪತ್ತನೆಯ ಶತಮಾನದ ವಿದ್ಯುತ್ ಉದ್ಯಮ ಇದೇ ಮಿಶ್ರಣದ ಮೇಲೆ ನಿಂತಿತು.

ಶುದ್ಧ ತವರವನ್ನು ಗುರುತಿಸಲು ಕಸುಬಿನವರಿಗೆ ಹಳೆಯ ಉಪಾಯಗಳು ಗೊತ್ತು. ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಕಿರುಗುಟ್ಟುತ್ತದೆ. ಒಳಗಿನ ಹರಳುಗಳು ಒಂದಕ್ಕೊಂದು ತಿರುಚಿಕೊಳ್ಳುವ ಸದ್ದು ಅದು. ಸೀಸ ಹೆಚ್ಚಾದರೆ ಆ ಸದ್ದು ಅಡಗುತ್ತದೆ. ಬಿಳಿ ಕಾಗದದ ಮೇಲೆ ಗೀಚಿದರೆ ಸೀಸ ಹೆಚ್ಚಿರುವ ಕಡ್ಡಿ ಪೆನ್ಸಿಲ್ಲಿನಂತೆ ಬೂದು ಗೆರೆ ಬಿಡುತ್ತದೆ. ಆದರೆ ಇವೆಲ್ಲ ಒರಟು ಪರೀಕ್ಷೆಗಳು. ಸ್ವಲ್ಪವೇ ಬೆರೆತ ಸೀಸವನ್ನು ಪ್ರಯೋಗಾಲಯವೇ ಹಿಡಿಯಬೇಕು.

ಪಾತ್ರೆಗಳ ವಿಷಯದಲ್ಲಿ ಕಾನೂನು ಬಂದದ್ದು ಸ್ವಾತಂತ್ರ್ಯಾನಂತರ. 1955ರ ಆಹಾರ ಕಲಬೆರಕೆ ತಡೆ ನಿಯಮಗಳು ಸರಿಯಾಗಿ ಕಲಾಯಿ ಆಗದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಮಾರಾಟದ ಆಹಾರ ತಯಾರಿಸುವುದನ್ನು ನಿಷೇಧಿಸಿದವು. ಅಷ್ಟರಲ್ಲಿ ಜನ ‘ಜರ್ಮನ್’ ಎಂದು ಕರೆಯುವ ಅಲ್ಯೂಮಿನಿಯಂ ಪಾತ್ರೆಗಳು ಅಡುಗೆಮನೆಗೆ ಬಂದಿದ್ದವು. ಹಿಂದೆಯೇ ಸ್ಟೀಲ್ ಬಂತು. ಹಳೆಯ ಹಂಡೆ, ಕೊಡಗಳು ತೂಕಕ್ಕೆ ಮಾರಾಟವಾಗಿ ಹೊಸ ಸ್ಟೀಲ್ ಡಬ್ಬಿಗಳಾದವು. ಕಲಾಯಿಗಾರನ ಕೂಗು ಕ್ಷೀಣವಾಯಿತು.

ಕೈ ಸೋಲುವ ರೋಗ

ಸೀಸದ ವಿಷ ಒಮ್ಮೆಗೇ ಎರಗುವಂಥದ್ದಲ್ಲ. ದಿನದಿನಕ್ಕೆ ಚೂರುಚೂರಾಗಿ ಒಳಸೇರಿ ಮೂಳೆಗಳಲ್ಲಿ ಮನೆ ಮಾಡುತ್ತದೆ. ಹೊಟ್ಟೆ ಹಿಂಡಿದಂತಾಗುವುದು, ಮಲಬದ್ಧತೆ, ರಕ್ತ ಕಡಿಮೆಯಾಗಿ ಮುಖ ಬಿಳಿಚುವುದು, ಕೊನೆಗೆ ಮಣಿಕಟ್ಟು ಸೋತು ಕೈ ಜೋಲುವುದು – ಇವು ಅದರ ಗುರುತುಗಳು. ಇಟಲಿಯ ವೈದ್ಯ ಬೆರ್ನಾರ್ದಿನೊ ರಾಮಾಝಿನಿ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಪುಸ್ತಕವನ್ನೇ ಬರೆದ. ಪಾತ್ರೆಗಳಿಗೆ ಸೀಸದ ಮೆರುಗು ಕೊಡುವ ಕುಂಬಾರರ ಕೈಗಳು ನಡುಗಿ, ಅವರು ಪಾರ್ಶ್ವವಾಯು ಬಡಿದಂತಾಗುವುದನ್ನು ಅವನು ಅದರಲ್ಲಿ ದಾಖಲಿಸಿದ್ದಾನೆ. ರೋಗಿಯನ್ನು ನೋಡುವಾಗ ‘ನಿನ್ನ ಕಸುಬೇನು?’ ಎಂದು ವೈದ್ಯ ಕೇಳಲೇಬೇಕೆಂದು ಹೇಳಿಕೊಟ್ಟವನೂ ಅವನೇ.

ಸರ್ಕಾರಗಳು ಎಚ್ಚೆತ್ತದ್ದು ಮತ್ತೆ ಇನ್ನೂರು ವರ್ಷಗಳ ಮೇಲೆ. ಕಾರ್ಮಿಕರಲ್ಲಿ ಸೀಸದ ವಿಷ ಕಂಡುಬಂದರೆ ವೈದ್ಯರು ವರದಿ ಮಾಡಲೇಬೇಕೆಂದು ಬ್ರಿಟನ್ 1895ರಲ್ಲಿ ಕಾನೂನು ಮಾಡಿತು. ಭಾರತದಲ್ಲಿ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಸೀಸದ ವಿಷವನ್ನು ಪರಿಹಾರಕ್ಕೆ ಅರ್ಹವಾದ ಕಸುಬಿನ ರೋಗವೆಂದು ಒಪ್ಪಿತು. 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಅದರದೇ ಮೊದಲ ಹೆಸರಾಗಿತ್ತು.

ಪತ್ರಿಕಾ ಲೋಕಕ್ಕೂ ಈ ಲೋಹದ ಮಡಕೆ ಹೊಸದಲ್ಲ. ಕಂಪ್ಯೂಟರ್ ಬರುವ ಮುನ್ನ ಅಚ್ಚಿನ ಮೊಳೆಗಳನ್ನು ಸೀಸ, ಆ್ಯಂಟಿಮನಿ, ತವರಗಳ ಮಿಶ್ರಣ ಕರಗಿಸಿಯೇ ಎರಕ ಹೊಯ್ಯುತ್ತಿದ್ದರು. ಸವೆದ ಮೊಳೆಗಳು ಮತ್ತೆ ಮಡಕೆಗೆ. ಹಾಲು ಕುಡಿದರೆ, ಬೆಲ್ಲ ತಿಂದರೆ ಸೀಸ ಇಳಿಯುತ್ತದೆಂಬ ನಂಬಿಕೆ ಇಂಥ ಕಸುಬುಗಳಲ್ಲಿ ಬಹಳ ಕಾಲ ಇತ್ತು, ಇಂದೂ ಅಲ್ಲಲ್ಲಿ ಇದೆ. ಹಾಲು ಬೆಲ್ಲ ಒಳ್ಳೆಯ ಆಹಾರವೇ. ಆದರೆ ಒಳಹೊಕ್ಕ ಸೀಸವನ್ನು ಅವು ಹೊರಹಾಕುವುದಿಲ್ಲ. ಒಳಗೆ ಹೋಗದಂತೆ ತಡೆಯುವುದೊಂದೇ ಖಾತ್ರಿಯ ದಾರಿ.

ಟಿ.ವಿ. ಬಂದ ಮೇಲೆ

1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದವು. ಟೆಲಿಫೋನು, ರೇಡಿಯೋಗಳ ಒಳಗೆ ಸಾವಿರಾರು ಬೆಸುಗೆಗಳು. ಮೊದಮೊದಲು ಅವನ್ನು ಕಾದ ಕಡ್ಡಿಯಿಂದ ಒಂದೊಂದಾಗಿಯೇ ಹಾಕಬೇಕಿತ್ತು. ತಂತಿಗಳ ಬದಲು ಹಲಗೆಯ ಮೇಲೆ ತಾಮ್ರದ ಗೆರೆಗಳನ್ನು ಮೂಡಿಸುವ ‘ಪ್ರಿಂಟೆಡ್ ಸರ್ಕ್ಯೂಟ್’ ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಬಿಡಿಭಾಗಗಳನ್ನು ಕೂರಿಸಿದ ಹಲಗೆಯ ತಳವನ್ನು ಕರಗಿದ ಸೋಲ್ಡರ್‌ಗೆ ಒಮ್ಮೆ ಮುಟ್ಟಿಸಿದರೆ ನೂರಾರು ಬೆಸುಗೆಗಳು ಕ್ಷಣದಲ್ಲಿ ಮುಗಿಯುತ್ತವೆ. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಇನ್ನೊಂದು ಸುಧಾರಣೆಯಾಯಿತು. ಪಾಟ್‌ನೊಳಗಿನ ಲೋಹವನ್ನು ಪಂಪಿನಿಂದ ಅಲೆಯಂತೆ ಎಬ್ಬಿಸಿ, ಹಲಗೆಗಳು ಅದರ ನೆತ್ತಿ ಸವರಿಕೊಂಡು ಸಾಗುವಂತೆ ಮಾಡಿದರು. ಕುಳಿಯ ಮುಂದೆ ಕೂತು ಒಂದೊಂದೇ ಪಾತ್ರೆ ಒರೆಸುವ ಕಲಾಯಿಯಿಂದ ಯಂತ್ರದ ಕಲಾಯಿಗೆ ಜಗತ್ತು ಜಿಗಿದದ್ದು ಹೀಗೆ.

ಗುಲ್ಬರ್ಗ ಜಿಲ್ಲೆ ಈ ಹೊಸ ವಿದ್ಯೆಯ ಫಲವನ್ನು ಅನೇಕ ಮಹಾನಗರಗಳಿಗಿಂತ ಮೊದಲೇ ಕಂಡಿತು. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ಆರಂಭವಾದಾಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿ.ವಿ. ಇಡಲಾಯಿತು. ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳು. ಹೈದರಾಬಾದಿನ ಇ.ಸಿ.ಐ.ಎಲ್. ತಯಾರಿಸಿದ ಸೆಟ್‌ಗಳು, ಮೂರು ಮೀಟರ್ ಅಗಲದ ಜಾಲರಿಯ ಛತ್ರಿಗಳು ಪಂಚಾಯಿತಿ ಕಟ್ಟೆಗಳ ಮೇಲೆ ಬಂದವು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಪ್ರಸಾರ ಶುರುವಾಯಿತು. ಬೆಂಗಳೂರಿಗೆ ಆ ಭಾಗ್ಯ ಬಂದದ್ದು 1981ರ ನವೆಂಬರಿನಲ್ಲಿ. ಟಿ.ವಿ. ಬಂದಲ್ಲಿ ಟಿ.ವಿ. ದುರಸ್ತಿಯೂ ಬರಬೇಕಷ್ಟೆ. ಬಿಸಿಲು, ಧೂಳು, ಏರಿಳಿಯುವ ವೋಲ್ಟೇಜು – ಇವುಗಳ ನಡುವೆ ಬಿರುಕು ಬಿಟ್ಟ ಒಂದು ಬೆಸುಗೆ ಸಾಕು, ಪರದೆ ಕತ್ತಲಾಗುತ್ತದೆ. ರೇಡಿಯೋ, ಟಿ.ವಿ. ದುರಸ್ತಿಯ ಸಣ್ಣ ಅಂಗಡಿಗಳ ಮೇಜುಗಳಿಂದ ಸೋಲ್ಡರಿನ ಹೊಗೆ ಏಳತೊಡಗಿತು.

ನೀರಿನ ಹನಿ, ಬೆಂಕಿಯ ಮಡು

ದೊಡ್ಡ ಪಾಟ್ ನಡೆಸುವವರು ಮೊದಲು ಹೆದರಬೇಕಾದದ್ದು ನೀರಿಗೆ. ಸೀಸ ಸೇರಿದ ಸೋಲ್ಡರ್ ಪಾಟ್‌ನ ಕಾವು ಸಾಮಾನ್ಯವಾಗಿ 245ರಿಂದ 260 ಡಿಗ್ರಿ. ಅದರೊಳಗೆ ಒಂದು ಹನಿ ನೀರು ಮುಳುಗಿದರೆ ತಕ್ಷಣ ಉಗಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದೆ ಮೇಲಿನ ಲೋಹವನ್ನೆಲ್ಲ ಎತ್ತಿ ಚಿಮ್ಮಿಸುತ್ತದೆ. ಕಾದ ಎಣ್ಣೆಗೆ ನೀರು ಬಿದ್ದದ್ದನ್ನು ಕಂಡ ಗೃಹಿಣಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇದು ಎಣ್ಣೆಗಿಂತ ಭಾರ, ಮೈಗೆ ಬಿದ್ದಲ್ಲೇ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ.

ಹೀಗಾಗಿ ಪಾಟ್‌ಗೆ ಹಾಕುವ ಹೊಸ ಲೋಹದ ಗಟ್ಟಿ, ಕಿಟ್ಟ ತೆಗೆಯುವ ಸೌಟು, ಅದ್ದುವ ವಸ್ತು – ಎಲ್ಲವೂ ಒಣಗಿರಬೇಕು, ಸಾಧ್ಯವಾದರೆ ಮುಂಚೆಯೇ ಬೆಚ್ಚಗಾಗಿರಬೇಕು. ಮಳೆಗಾಲದಲ್ಲಿ ತಣ್ಣನೆಯ ಲೋಹದ ಮೇಲೆ ಕಾಣದಂತೆ ಕೂರುವ ತೇವವೂ ಅಪಾಯವೇ. ಬಾಯಿ ಮುಚ್ಚಿದ ಟೊಳ್ಳು ಕೊಳವೆಯನ್ನು ಅದ್ದಬಾರದು. ಒಳಗಿನ ಗಾಳಿ, ತೇವ ಹಿಗ್ಗಿ ಒಡೆಯುತ್ತದೆ. ಫ್ಲಕ್ಸ್ ಹಚ್ಚಿದ ವಸ್ತುವನ್ನು ಆರಿಸಿಯೇ ಅದ್ದಬೇಕು. ಅನೇಕ ಫ್ಲಕ್ಸ್‌ಗಳಲ್ಲಿ ಸ್ಪಿರಿಟ್ ಇರುವುದರಿಂದ ಅದರ ಡಬ್ಬಿ ಪಾಟ್‌ನಿಂದ ದೂರವಿರಬೇಕು. ನೀರಿನ ತಂಬಿಗೆ, ಚಹಾದ ಕಪ್ಪು ಹತ್ತಿರ ಸುಳಿಯಬಾರದು. ಪಾಟ್ ಬಳಿ ಬೆಂಕಿ ಕಾಣಿಸಿಕೊಂಡರೆ ಅದಕ್ಕೆ ನೀರು ಎರಚುವುದಂತೂ ಅನಾಹುತಕ್ಕೆ ಆಹ್ವಾನ.

ಮುಂಜಾನೆ ಪಾಟ್ ಹಚ್ಚುವ ಹೊತ್ತು ಇನ್ನೊಂದು ಎಚ್ಚರ ಬೇಕು. ಹಿಂದಿನ ದಿನ ಹೆಪ್ಪುಗಟ್ಟಿದ ಲೋಹ ತಳದಲ್ಲಿ, ಬದಿಯಲ್ಲಿ ಮೊದಲು ಕರಗಿ ಹಿಗ್ಗುತ್ತದೆ. ಮೇಲಿನ ಹೊದಿಕೆ ಇನ್ನೂ ಗಟ್ಟಿಯಾಗಿರುತ್ತದೆ. ಅವಸರಪಟ್ಟು ಕಾವು ಏರಿಸಿದರೆ ಅಥವಾ ಹೊದಿಕೆಯನ್ನು ಸಲಾಕಿಯಿಂದ ತಿವಿದರೆ ಒಳಗಿನ ಲೋಹ ಚಿಲುಮೆಯಂತೆ ಹಾರಬಹುದು. ಮುಚ್ಚಳ ಹಾಕಿ, ನಿಧಾನವಾಗಿ ಕಾಯಿಸಿ, ಪೂರ್ತಿ ಕರಗುವ ತನಕ ದೂರ ನಿಲ್ಲುವುದು ಕ್ಷೇಮ.

ಮುಖಕ್ಕೆ ಪಾರದರ್ಶಕ ಗುರಾಣಿ, ಕೈಗೆ ಕಾವು ತಡೆಯುವ ಉದ್ದ ಕೈಚೀಲ, ಚರ್ಮದ ಮುಂಗವಚ, ಹತ್ತಿಯ ತುಂಬುತೋಳಿನ ಅಂಗಿ, ಮುಚ್ಚಿದ ಬೂಟು – ಇವು ಅಲಂಕಾರಕ್ಕಲ್ಲ. ನೈಲಾನ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ಸುಟ್ಟರೆ ತಕ್ಷಣ ತಣ್ಣೀರಿನ ಧಾರೆಗೆ ಸುಮಾರು 20 ನಿಮಿಷ ಹಿಡಿಯಬೇಕು. ಅಂಟಿದ ಲೋಹವನ್ನು ಕಿತ್ತೆಳೆಯದೆ ಆಸ್ಪತ್ರೆಗೆ ಹೋಗಬೇಕು. ಟೂತ್‌ಪೇಸ್ಟು, ಅರಿಶಿನ ಹಚ್ಚಿ ಕೂರುವುದು ಗಾಯಕ್ಕೆ ಕೇಡು.

ಹೊಗೆಗಿಂತ ಕಿಟ್ಟ ಕೆಟ್ಟದ್ದು

ಪಾಟ್‌ನಿಂದ ಏಳುವ ಹೊಗೆಯಲ್ಲೇ ಸೀಸ ಇದೆಯೆಂದು ಅನೇಕರು ತಿಳಿದಿದ್ದಾರೆ. ಇದು ಪೂರ್ತಿ ನಿಜವಲ್ಲ. ಸೀಸ ಕುದಿಯಲು 1,700 ಡಿಗ್ರಿಗೂ ಹೆಚ್ಚು ಕಾವು ಬೇಕು. 250 ಡಿಗ್ರಿಯಲ್ಲಿ ಅದು ಆವಿಯಾಗುವುದು ತೀರ ಅಲ್ಪ. ಕಾಣುವ ಹೊಗೆ ಫ್ಲಕ್ಸ್‌ನದು. ಅದೂ ನಿರಪಾಯವೇನಲ್ಲ. ಫ್ಲಕ್ಸ್‌ನಲ್ಲಿ ಬಳಸುವ ರಾಳದ ಹೊಗೆ ವರ್ಷಗಟ್ಟಲೆ ಉಸಿರಿಗೆ ಸೇರಿದರೆ ಅಸ್ತಮಾ ಬರಬಹುದು. ಹೊಗೆಯನ್ನು ಮುಖದ ಕಡೆ ಬರಗೊಡದೆ ಹಿಂದಿನಿಂದ ಎಳೆದು ಹೊರಹಾಕಬೇಕು.

ಸೀಸ ಒಳಹೋಗುವ ನಿಜವಾದ ದಾರಿ ಕಿಟ್ಟ. ಕರಗಿದ ಲೋಹ ಗಾಳಿ ಸೋಕಿ ಮೇಲೆ ಬೂದಿಯಂಥ ಕೆನೆ ಕಟ್ಟುತ್ತದೆ. ಅದನ್ನು ತೆಗೆಯುವಾಗ ನವಿರಾದ ಪುಡಿ ಏಳುತ್ತದೆ. ಕೈಗೆ, ಬಟ್ಟೆಗೆ, ಮೇಜಿಗೆ ಕೂರುತ್ತದೆ. ಅದೇ ಕೈಯಲ್ಲಿ ರೊಟ್ಟಿ ಮುರಿದರೆ, ಬೀಡಿ ಹಚ್ಚಿದರೆ ಸೀಸ ಹೊಟ್ಟೆಗೆ. ಅದೇ ಅಂಗಿಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡರೆ ಮಗುವಿಗೆ. ದೊಡ್ಡವರಿಗಿಂತ ಮಕ್ಕಳ ಮೈ ಸೀಸವನ್ನು ಹೆಚ್ಚಾಗಿ ಹೀರುತ್ತದೆ, ಅವರ ಬೆಳೆಯುವ ಮಿದುಳಿಗೆ ಅದು ಹೆಚ್ಚು ಹಾನಿ ಮಾಡುತ್ತದೆ. ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ತಿಳಿದಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಕಂಡರೆ ಅದರ ಮೂಲ ಹುಡುಕಿ ತಡೆಯಬೇಕೆಂದು ಅದು 2021ರಲ್ಲಿ ಸೂಚಿಸಿತು. ಭಾರತದಲ್ಲಿ ಮಕ್ಕಳ ರಕ್ತದ ಸೀಸವನ್ನು ಅಳೆದು ಜನರ ಕಣ್ಣು ತೆರೆಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ದೂರವಾಯಿತು.

ಆದ್ದರಿಂದ ಕಿಟ್ಟವನ್ನು ಮೆಲ್ಲಗೆ ಕೆನೆ ತೆಗೆದಂತೆ ತೆಗೆಯಬೇಕು, ಬಡಿದು ಉದುರಿಸಬಾರದು. ತೆಗೆದದ್ದನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಇಡಬೇಕು. ಚೆಲ್ಲಿದ್ದನ್ನು ಒಣ ಪೊರಕೆಯಿಂದ ಗುಡಿಸದೆ, ಪಾಟ್ ಆರಿ ತಣ್ಣಗಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕಿಟ್ಟದಲ್ಲಿ ಒಳ್ಳೆಯ ಲೋಹವೂ ಸಾಕಷ್ಟು ಸಿಕ್ಕಿಕೊಂಡಿರುವುದರಿಂದ ಪರವಾನಗಿಯುಳ್ಳ ಮರುಬಳಕೆ ಘಟಕಗಳು ಅದಕ್ಕೆ ಬೆಲೆ ಕೊಡುತ್ತವೆ. ಹಿತ್ತಲಲ್ಲಿ ಇದ್ದಿಲ ಮೇಲೆ ಮತ್ತೆ ಕಾಯಿಸಿ ತೆಗೆಯಲು ಹೋದರೆ ಲಾಭಕ್ಕಿಂತ ರೋಗವೇ ಹೆಚ್ಚು. ಕೆಲಸದ ಜಾಗದಲ್ಲಿ ಊಟ ಬೇಡ. ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ, ಮುಖ ತೊಳೆಯಬೇಕು. ಕೆಲಸದ ಅಂಗಿ ಅಂಗಡಿಯಲ್ಲೇ ಉಳಿಯಬೇಕು.

ಪಾಟ್‌ನ ಆರೋಗ್ಯ

ದಿನವೂ ಅದ್ದುವ ತಾಮ್ರ ಸ್ವಲ್ಪಸ್ವಲ್ಪವಾಗಿ ಸೋಲ್ಡರ್‌ಗೆ ಇಳಿಯುತ್ತದೆ. ಸೀಸದ ಸೋಲ್ಡರ್‌ನಲ್ಲಿ ತಾಮ್ರ ನೂರಕ್ಕೆ 0.3ರಷ್ಟಾದರೆ ಬೆಸುಗೆ ಮರಳುಮರಳಾಗಿ, ಒರಟಾಗಿ ಕಾಣತೊಡಗುತ್ತದೆ. ಆಗ ಅನುಭವಿಗಳು ಪಾಟ್‌ನ ಕಾವನ್ನು ಕರಗುವ ಬಿಂದುವಿನ ತುಸು ಮೇಲಕ್ಕೆ, 190 ಡಿಗ್ರಿಯ ಸುತ್ತ ಇಳಿಸಿ ಹಾಗೇ ಬಿಡುತ್ತಾರೆ. ತಾಮ್ರ ತವರ ಕೂಡಿದ ಸೂಜಿಯಂಥ ಹರಳುಗಳು ಮೇಲೆ ತೇಲುತ್ತವೆ, ಅವನ್ನು ಜಾಲರಿ ಸೌಟಿನಿಂದ ತೆಗೆಯಬಹುದು. ಬೀದರಿನ ಬಿದರಿಗೆ ಜೀವವಾದ ಸತುವು ಸೋಲ್ಡರ್ ಪಾಟ್‌ಗೆ ಶತ್ರು. ಅದು ಎಳ್ಳಷ್ಟು ಸೇರಿದರೂ ಕಿಟ್ಟ ವಿಪರೀತವಾಗುತ್ತದೆ. ಸತುವಿನ ಅಂಶವಿರುವ ಹಿತ್ತಾಳೆಯನ್ನು ಅದ್ದಿ ಮರೆಯಬಾರದು ಎನ್ನುವುದು ಇದಕ್ಕೇ. ದೊಡ್ಡ ಕಾರ್ಖಾನೆಗಳು ಆಗಾಗ ಪಾಟ್‌ನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸುತ್ತವೆ.

2006ರ ಜುಲೈ 1ರಿಂದ ಯೂರೋಪ್ ಒಕ್ಕೂಟ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸವನ್ನು ನಿರ್ಬಂಧಿಸಿತು. ಭಾರತದಲ್ಲಿ 2012ರಲ್ಲಿ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳೂ ಅದೇ ದಾರಿ ಹಿಡಿದವು. ಈಗ 2022ರ ನಿಯಮಗಳು ಅವುಗಳ ಸ್ಥಾನದಲ್ಲಿವೆ. ಹೊಸ ಸೋಲ್ಡರ್‌ನಲ್ಲಿ ತವರವೇ 96.5 ಪಾಲು, ಬೆಳ್ಳಿ 3 ಪಾಲು, ಉಳಿದ ಅರ್ಧ ಪಾಲು ತಾಮ್ರ ಇರುವ ಬಗೆ ಹೆಚ್ಚು ಪ್ರಚಾರದಲ್ಲಿದೆ. ಇದು ಕರಗುವುದು ಸುಮಾರು 217 ಡಿಗ್ರಿಯಲ್ಲಿ. ಪಾಟ್ ಇನ್ನೂ ಬಿಸಿಯಾಗಿರಬೇಕು. ಹಳೆಯ ಪಾಠಗಳು ಇಲ್ಲಿ ತಲೆಕೆಳಗಾಗುವುದೂ ಉಂಟು. ಸೀಸವಿಲ್ಲದೆ ಹಗುರಾದ ಈ ಲೋಹದಲ್ಲಿ ತಾಮ್ರದ ಹರಳುಗಳು ತೇಲದೆ ತಳ ಸೇರುತ್ತವೆ. ತವರ ಹೆಚ್ಚಾದ್ದರಿಂದ ಸಾಮಾನ್ಯ ಸ್ಟೀಲ್ ಪಾಟ್‌ನ ಗೋಡೆಯನ್ನೇ ನಿಧಾನವಾಗಿ ತಿನ್ನುತ್ತದೆ. ಹಳೆಯ ಪಾಟ್‌ಗೆ ಹೊಸ ಲೋಹ ಸುರಿದು ನಿಶ್ಚಿಂತರಾದರೆ ಒಂದು ದಿನ ತಳ ತೂತಾದೀತು.

ಸೀಸವಿಲ್ಲದ ಸೋಲ್ಡರ್ ದೊಡ್ಡ ಕಾರ್ಖಾನೆಗಳನ್ನು ಸೇರಿದರೂ ರೇಡಿಯೇಟರ್ ಶೆಡ್ಡು, ಮೋಟಾರು ಅಂಗಡಿಗಳಲ್ಲಿ ಅಗ್ಗದ ಸೀಸದ ಸೋಲ್ಡರೇ ಉಳಿದಿದೆ. ಪರೀಕ್ಷಕರು ಕಾಲಿಡದ, ಫ್ಯಾನು ಇಲ್ಲದ ಇಂಥ ಜಾಗಗಳಲ್ಲೇ ಹುಡುಗರು ಕಸುಬು ಕಲಿಯುವುದು. ಅವರಿಗೆ ಬೇಕಾದ ರಕ್ಷಣೆ ಬಹಳ ದುಬಾರಿಯದೇನಲ್ಲ. ಒಂದು ಹೊಗೆ ಎಳೆಯುವ ಫ್ಯಾನು, ಒಂದು ಮುಖದ ಗುರಾಣಿ, ಕಿಟ್ಟಕ್ಕೊಂದು ಮುಚ್ಚಳದ ಡಬ್ಬಿ, ಕೈ ತೊಳೆಯಲು ಸೋಪು, ನೀರು ಸಾಕು. ವರ್ಷಕ್ಕೊಮ್ಮೆ ರಕ್ತದ ಸೀಸದ ಪರೀಕ್ಷೆಯಾದರೆ ಇನ್ನೂ ಒಳ್ಳೆಯದು.

ತಾಮ್ರದ ಪಾತ್ರೆಗಳ ಮೋಹ ಈಚೆಗೆ ಮತ್ತೆ ಮರಳುತ್ತಿದೆ, ಅಲ್ಲಲ್ಲಿ ಕಲಾಯಿಗಾರರನ್ನು ಹುಡುಕಿ ಕರೆಸುವವರೂ ಇದ್ದಾರೆ. ಕರೆಸಿದವರು ಕಡ್ಡಿಯನ್ನು ಒಮ್ಮೆ ಬಗ್ಗಿಸಿ, ಕಾಗದದ ಮೇಲೆ ಗೀಚಿ ನೋಡುವುದು ಲೇಸು. ಮೋಟಾರು ದುರಸ್ತಿಗೆ ಹೋದವರು ಅಲ್ಲಿನ ಹುಡುಗ ಊಟಕ್ಕೆ ಮುಂಚೆ ಕೈ ತೊಳೆಯುತ್ತಾನೆಯೇ ಎಂದು ನೋಡುವುದೂ ಅಷ್ಟೇ ಅಗತ್ಯ.